ಪಾಳಿಗೆ ನಿಂತ ಡಬ್ಬಿಗಳು

ತಿಳವಳ್ಳಿ
6 ಆಗಸ್ಟ್ 2025

ನಮ್ಮೂರ ಹಿಟ್ಟಿನ ಗಿರಣಿಯ ಏಕಮೇವ ಒಡತಿ, ಮಹಾರಾಜಶ್ರೀ ವಿದ್ಯಾಶ್ರೀ ಅಕ್ಕನವರ ಸನ್ನಿಧಾನಕ್ಕೆ, ಕಸ ಗುಡಿಸುವ ಖಾತೆಯ ಮಂತ್ರಿ ಹುಲಗೇಶನ ಸಾಷ್ಟಾಂಗ.

ಏಳು ತಿಂಗಳ ಮೇಲೆ ನಿನ್ನೆ ಗಿರಣಿಯ ಬಾಗಿಲು ತೆಗೆದೆ. ಒಳಗೆ ಇಲಿಗಳ ಸರ್ವಪಕ್ಷ ಸಭೆ ನಡೆದಿತ್ತು, ಮುಂದೂಡಿದೆ. ಬೆಲ್ಟಿಗೆ ತಗಡಿನ ಮುಚ್ಚಳ ಹಾಕಿಸಿದ್ದೇನೆ, ಬೆರಳೂ ತೂರುವುದಿಲ್ಲ. ಮೊದಲೇ ಹಾಕಿಸಬೇಕಿತ್ತು ಅನ್ನಬೇಡ. ಗೊತ್ತು.

ಚಮನಬಿ ಚಾಚಿ ಜೋಳದ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು. ಇನ್ನೂ ಶುರುವಾಗಿಲ್ಲ ಎಂದೆ. "ನಾ ಎಲ್ಲಿ ಬೀಸು ಅಂದೆನೋ ಭಾಡ್ಯಾ? ಪಾಳಿ ಹಚ್ಚೇನಿ. ನಿಮ್ಮಕ್ಕ ಬರೂತನಾ ಇಲ್ಲೇ ಇರ್ಲಿ" ಅಂದಳು. ಸಂಜೆಯೊಳಗೆ ಅದರ ಹಿಂದೆ ಇನ್ನೂ ಹತ್ತು ಡಬ್ಬಿ ನಿಂತವು.

ನಿನ್ನನ್ನು ನೋಡುವ ಆಸ್ಪತ್ರೆಯ ನಿಖತ ಮೇಡಂ ನನಗೂ ಫೋನು ಮಾಡಿದ್ದರು. "ಒಮ್ಮೆಲೇ ಕೆಲಸಕ್ಕ ಹಚ್ಚಬ್ಯಾಡ್ರಿ. ಮೊದಲ ಬಂದು ಸುಮ್ಮನ ಕುಂದರ್ಲಿ" ಎಂದರು. ಹಾಗಾಗಿ ಮೊದಲ ದಿನ ಕಟ್ಟೆಯ ಮೇಲೆ ಕುಳಿತು ನನ್ನನ್ನು ಬಯ್ಯುವುದಷ್ಟೇ ನಿನ್ನ ಕೆಲಸ. ನೀನು ಹೇಳುವವರೆಗೆ ಯಾರೂ ಸ್ವಿಚ್ಚು ಮುಟ್ಟುವುದಿಲ್ಲ.

ಮಷೀನು ಹಚ್ಚುವ ಮುಂಚೆ ಅವ್ವ "ಸೆರಗ ಸಿಕ್ಕಸ್ರೇ!" ಎಂದು ಕೂಗುತ್ತಿದ್ದಳಲ್ಲ. ಪಾಳಿಯ ಹೆಂಗಸರೆಲ್ಲ "ಸಿಕ್ಕಸೇವಿ" ಎಂದ ಮೇಲೇ ಗುಂಡಿ ಒತ್ತುತ್ತಿದ್ದಳು. ನಿನ್ನೆ ಖಾಲಿ ಗಿರಣಿಯಲ್ಲಿ ನಾನೂ ಕೂಗಿ ನೋಡಿದೆ. ಹೋದ ದಿನ ಅವ್ವ ಇಲ್ಲಿ ಒಬ್ಬಳೇ ಇದ್ದಳು. ಓಗೊಡುವವರಿಲ್ಲವೆಂದು ಕೂಗಲೇ ಇಲ್ಲವೇನೋ.

ಹಿರೇಕೆರೂರಿಗೆ ಹೋದಾಗಿನಿಂದ ಶಂಕ್ರವ್ವ ಚಿಗವ್ವನ ಮುಂದೆ ನೀನು ಆ ದಿನದ್ದನ್ನೇ ಹೇಳುತ್ತೀಯಂತೆ. ಹುಲಗೂರಿನಿಂದ ನಿನ್ನನ್ನು ನೋಡಲು ವರನ ಕಡೆಯವರು ಬಂದಿದ್ದಾರೆಂದು ಫೋನು ಬಂತು, ಬುತ್ತಿ ತಂದ ಅವ್ವನಿಗೆ ಗಿರಣಿ ಒಪ್ಪಿಸಿ ನೀನು ಮನೆಗೆ ಓಡಿದೆ, ಮುಖದ ಹಿಟ್ಟು ತೊಳೆಯುವಷ್ಟರಲ್ಲಿ ಅವ್ವನ ಸೆರಗು ಬೆಲ್ಟಿಗೆ ಸಿಕ್ಕಿತ್ತು ಎಂದು. ಮನೆಗೆ ಯಾರೂ ಬಂದಿರಲಿಲ್ಲ. ಯಾವುದೋ ರಾಂಗ್ ನಂಬರ್ ಎಂದು ಎಲ್ಲರೂ ಅಂದರು. ನಾನೂ ಅಂದೆ.

ತಪ್ಪು ನಿನ್ನದಲ್ಲ ಅಕ್ಕ. ಈ ಜನ್ಮದಲ್ಲಿ ಚೇಷ್ಟೆಯಿಲ್ಲದೆ ಆಡಿದ ಮಾತು ಇದೊಂದೇ. ಸೋಮವಾರದ ಬಸ್ಸಿಗೆ ಬಾ.

ನಿನ್ನ ತಮ್ಮ,
ಹುಲಗೇಶ

ತಾ.ಕ.: ಆ ದನಿ ನನ್ನದು. ಗೆಳೆಯನ ಫೋನಿನಿಂದ, ಮೂಗು ಹಿಡಿದುಕೊಂಡು ಮಾತಾಡಿದ್ದೆ. ನೀನು ಮುಖ ತೊಳೆಯುವಾಗ ಹಿತ್ತಲಲ್ಲಿ ಅಡಗಿ ನಗುತ್ತಿದ್ದೆ. ಇನ್ನು ನನ್ನ ಮುಖ ನೋಡಲಾರೆ ಅನ್ನಿಸಿದರೆ ಕೀಲಿ ಚಮನಬಿ ಚಾಚಿಯ ಹತ್ತಿರ ಇದೆ. ನಾನು ಹಾನಗಲ್ಲಿಗೆ ಹೋಗಿರುತ್ತೇನೆ. ಗಿರಣಿ ಮಾತ್ರ ಬಿಡಬೇಡ. ನೀನು ಕೂಗು. ಓಗೊಡಲು ಹನ್ನೊಂದು ಜನ ಇದ್ದಾರೆ.