ಈಶಾನ್ಯ ಮೂಲೆಯ ಗೋಡೆ

ಮಂಗಳೂರು,
ಕ್ರಿ.ಶ. 2187, ಬೇಸಿಗೆಯ ಒಂಬತ್ತನೆಯ ತಿಂಗಳು

ಗಿರಿಧರ ಆಳ್ವರಿಗೆ, ನಿಮ್ಮ ಮೊಮ್ಮಗನ ಮರಿಮಗಳು ತೇಜಾಕ್ಷಿ ಬರೆಯುವುದು.

ನಿಮ್ಮ ಕಾಲದಲ್ಲಿಲ್ಲದ ಕೆಲವು ಮಾತುಗಳು ಈ ಪತ್ರದಲ್ಲಿ ಬರುತ್ತವೆ, ಅದಕ್ಕೆ ಕ್ಷಮಿಸಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟಿದೆ.

ನೀವು ಈಗಷ್ಟೇ ಕೊಂಡಿರುವ ಫ್ಲ್ಯಾಟಿನಲ್ಲೇ ನಾವು ಇಂದಿಗೂ ಇದ್ದೇವೆ. ಹೊಸ ಮನೆ ಕಟ್ಟುವ ಕಾಲ ಮುಗಿದುಹೋಗಿದೆ. ಹೊರಗಿನ ಸೆಕೆಗೆ ಕಿಟಕಿ ತೆರೆಯುವಂತಿಲ್ಲ, ಏಸಿ ನಿಲ್ಲಿಸುವಂತಿಲ್ಲ. ಶನಿವಾರ ನಮಗೆ ಕೆರೆತ. ಅಂದರೆ ಮನೆಮಂದಿಯೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಬೂಷ್ಟು ಕೆರೆಯುವ ದಿನ. ಮಂಗಳವಾರದ ಹೊತ್ತಿಗೆ ಅದು ಮತ್ತೆ ಕಪ್ಪಗೆ ಹಬ್ಬಿರುತ್ತದೆ. ಹಾಸಿಗೆ, ಚಪ್ಪಲಿ, ಅಕ್ಕಿಡಬ್ಬ, ಯಾವುದನ್ನೂ ಅದು ಬಿಡುವುದಿಲ್ಲ. ಕಟ್ಟಡಕ್ಕೆಲ್ಲ ಒಂದೇ ಒಂದು ಒಣಕೋಣೆ ಇದೆ. ಉಸಿರು ಕಟ್ಟುವವರು ಅಲ್ಲಿ ಸರದಿಯ ಮೇಲೆ ಮಲಗುತ್ತಾರೆ. ಅಲ್ಲಿ ಜಾಗಕ್ಕಾಗಿ ನಾನು ನೆರೆಹೊರೆಯವರ ಜೊತೆ ಜಗಳ ಆಡಿ ಆಡಿ ಮಾನ ಕಳೆದುಕೊಂಡಿದ್ದೇನೆ.

ಇದೆಲ್ಲ ಶುರುವಾದದ್ದು ನಿಮ್ಮ ದೇವರಕೋಣೆಯ ಹಿಂದಿನ ಗೋಡೆಯಲ್ಲಿ. ಏಸಿಯ ನೀರು ಹೊರಗೆ ಹೋಗಲು ಅಲ್ಲೇ ನೇರವಾಗಿ ಒಂದು ತೂತು ಕೊರೆದಿದ್ದರೆ ಸಾಕಿತ್ತು. ನೀವು ಫಿಟ್ಟರನ್ನು ತಡೆದು ಹೇಳಿದ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ: “ಈಶಾನ್ಯದಲ್ಲಿ ಕೊಳಕು ನೀರು ಬಿಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಹೇಗಾದ್ರೂ ಸುತ್ತಿಸಿ ಆಚೆ ತೆಗೀರಿ.” ಪೈಪು ಗೋಡೆಯೊಳಗೇ ಮನೆಯೆಲ್ಲ ಸುತ್ತಿತು. ಇಳಿಜಾರಿಲ್ಲದೆ ನೀರು ಅಲ್ಲೇ ನಿಂತಿತು, ಗೋಡೆ ಕುಡಿಯಿತು. ವಾಸ್ತು ಕೆಡಬಾರದೆಂದು ನಿಮ್ಮನ್ನು ನೋಡಿ ಮೇಲಿನವರೂ ಕೆಳಗಿನವರೂ ಹಾಗೇ ಮಾಡಿಸಿದರು.

ನಿಮ್ಮ ಹೆಂಡತಿ ಜಲಜಾಕ್ಷಿ “ದೇವರಕೋಣೆಯಲ್ಲಿ ಎಂತದೋ ವಾಸನೆ ಉಂಟು” ಎಂದಾಗ ನೀವು ಅಗರಬತ್ತಿ ಹಚ್ಚಿದಿರಿ. ಗೋಡೆ ಕಪ್ಪಾದಾಗ ಆ ಕಲೆ ಮುಚ್ಚಲೆಂದು ದೇವರ ಪಟವನ್ನು ಇನ್ನಷ್ಟು ಕೆಳಗೆ ತೂಗುಹಾಕಿದಿರಿ. ಪ್ರತಿ ಚೌತಿಗೂ ಒದ್ದೆ ಗೋಡೆಗೆ ಹೊಸ ಬಣ್ಣ ಬಳಿಸಿದಿರಿ. ನಿಮ್ಮ ಮಕ್ಕಳೂ ಅದನ್ನೇ ಕಲಿತರು. ಗೋಡೆ ಕೆರೆಯುವಾಗ ಹಳದಿ, ಅದರಡಿ ಬೂಷ್ಟು, ತಿಳಿನೀಲಿ, ಅದರಡಿ ಮತ್ತೆ ಬೂಷ್ಟು ಸಿಗುತ್ತದೆ. ಒಬ್ಬರಿಗಾದರೂ ಪೈಪು ತೆಗೆಸುವ ಬುದ್ಧಿ ಬರಲಿಲ್ಲವೇ? ನಾವು ತೆಗೆಸಿದ್ದೇವೆ. ಆದರೆ ಅಷ್ಟು ವರ್ಷ ನೀರು ಕುಡಿದ ಗೋಡೆ ಈಗ ಒಣಗುವುದಿಲ್ಲ.

ನನ್ನ ಮಗಳು ಮಿಹಿಕಾಗೆ ಎಂಟು ವರ್ಷ. ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾಳೆ. ಎದುರಿಗಿದ್ದವರು ಕಾಯಬೇಕಲ್ಲ ಎಂದು ಈಗೀಗ ಮಾತನ್ನೇ ಕಡಿಮೆ ಮಾಡಿದ್ದಾಳೆ. ಡಾಕ್ಟರು ಈ ಸಲ ಔಷಧಿ ಬರೆಯಲಿಲ್ಲ, ಮನೆ ಬದಲಿಸಿ ಎಂದರು. ಎಲ್ಲಿಗೆ ಹೋಗಲಿ ಹೇಳಿ.

ನಮ್ಮ ಪಾಲಿಗೆ ನಡೆದುಹೋದದ್ದು ನಿಮ್ಮ ಪಾಲಿಗೆ ಇನ್ನೂ ನಡೆದಿಲ್ಲ. ಫಿಟ್ಟರ್ ನಿಮ್ಮಲ್ಲಿಗೆ ಬರುವುದು ನಾಳೆ. ನೀವು ಬಾಯಿ ಮುಚ್ಚಿಕೊಂಡು ಬದಿಗೆ ನಿಂತು, ಅವರಿಗೆ ಆ ಗೋಡೆಯಲ್ಲೇ ತೂತು ಕೊರೆಯಲು ಬಿಡಿ. ಅಷ್ಟೇ ನಾನು ಕೇಳುವುದು. ದೇವರು ಮುನಿಯುತ್ತಾನೆಂಬ ಹೆದರಿಕೆಯಿದ್ದರೆ ಪಾಪವನ್ನು ನನ್ನ ತಲೆಗೆ ಹಾಕಿ, ನನ್ನ ಹೆಸರು ಹೇಳಿ ಕೈಮುಗಿಯಿರಿ. ಆ ಶಾಪ ಏನಿದ್ದರೂ ನಾನು ಹುಟ್ಟಿ ಬಂದು ಅನುಭವಿಸುತ್ತೇನೆ. ನನ್ನ ಮಗಳು ಮಾತ್ರ ಒಂದು ಮಾತನ್ನು ಪೂರ್ತಿ ಆಡಲಿ.

ತೇಜಾಕ್ಷಿ