ನೆರಳುಮನೆಯಲ್ಲಿ ಇಲ್ಲದ ಗೋಡೆ

ಜೋಡೂರು
ಫೆಬ್ರವರಿ 30, 2191

ನಮ್ಮ ವಸತಿಯನ್ನು ಕಟ್ಟಿದ ಕಂಪನಿಯವರಿಗೆ,

ತಾರೀಕು ತಪ್ಪಿದೆ ಎಂದುಕೊಳ್ಳಬೇಡಿ. ಬಿರುಬಿಸಿಲಿನಲ್ಲಿ ದುಡಿಯುವ ದಿನಗಳು ಕಡಿಮೆಯಾಗಲೆಂದು ನಮ್ಮ ಹಿರಿಯರು ಮೇ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬಿಸಿಲೇನೂ ಕಡಿಮೆಯಾಗಲಿಲ್ಲ. ನೀವು ಹುಬ್ಬಳ್ಳಿ-ಧಾರವಾಡ ಎನ್ನುತ್ತಿದ್ದ ಊರು ನಮಗೆ ಜೋಡೂರು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ ಕಾಣುತ್ತವೆ. ‘ಆಮೇಲೆ ಅಪ್‌ಡೇಟ್ ಮಾಡೋಣ’ ಎಂಬ ನಿಮ್ಮ ಮಾತನ್ನು ನಾವು ಬೈಗುಳವಾಗಿ ಬಳಸುತ್ತೇವೆ.

ನಾನು ನೀಲಾಂಬಿಕೆ ಪತ್ತಾರ. ನಿಮ್ಮ ಕಟ್ಟಡದ ಐದನೇ ಅಂತಸ್ತಿನಲ್ಲಿ ಅಣ್ಣ ಸಂಗನಬಸು ಮತ್ತು ಅವನ ಹೆಂಡತಿ, ನಮ್ಮ ವೈನಿ ಗುರುಸಿದ್ಧವ್ವನ ಜೊತೆ ಬಾಳಿದವಳು. ನಾವು ಹೊಸ ಮನೆ ಕಟ್ಟುವವರಲ್ಲ. ಮರಳು ಮುಗಿದು ಎರಡು ತಲೆಮಾರಾಯಿತು. ನೀವು ಕಟ್ಟಿದ್ದರಲ್ಲೇ ಇದ್ದೇವೆ, ಹಳೆಯ ಕೌದಿಗೆ ತೇಪೆ ಹಾಕಿಕೊಂಡು ಹೊದೆಯುವ ಹಾಗೆ. ಪೈಪು ಸೋರಿದರೆ ಗೋಡೆ ಕೊರೆದು ಸರಿಮಾಡುತ್ತೇವೆ, ಮತ್ತೆ ಮುಚ್ಚುತ್ತೇವೆ. ಊರಿನ ಅರ್ಧ ಜನರ ಹೊಟ್ಟೆಪಾಡು ಇದೇ. ಅಣ್ಣನದೂ ಇದೇ ಆಗಿತ್ತು.

ಇದಕ್ಕೆಲ್ಲ ನಮಗಿರುವ ಆಧಾರ ನೆರಳುಮನೆ. ಕಂಬ, ತೊಲೆ, ಪೈಪು, ವೈರು ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು ಕಂಪ್ಯೂಟರಿನೊಳಗೆ ನೀವು ಕಟ್ಟುತ್ತಿದ್ದಿರಲ್ಲ, ಬಿಮ್ ಮಾಡೆಲ್ ಎನ್ನುತ್ತಿದ್ದಿರಿ, ಅದೇ. ನಮ್ಮಲ್ಲಿ ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ಗಂಡಿನ ಕಟ್ಟಡದ ನೆರಳು ತರಿಸಿ ನೋಡುತ್ತಾರೆ. ನೆರಳೂ ಮನೆಯೂ ಹೊಂದಿದರೆ ಮುಂದಿನ ಮಾತು. ಗೋಡೆ ಕೊರೆಯುವ ಯಂತ್ರವನ್ನು ಉಳಿಗ ಎನ್ನುತ್ತೇವೆ. ಅದು ಮನುಷ್ಯರ ಮಾತು ಕೇಳುವುದಿಲ್ಲ, ನೆರಳುಮನೆಯ ಮಾತನ್ನಷ್ಟೇ ಕೇಳುತ್ತದೆ. ಜನ ಅಂದಾಜಿನ ಮೇಲೆ ಗೋಡೆ ಒಡೆದು ಕಟ್ಟಡಗಳನ್ನೇ ಬೀಳಿಸುತ್ತಿದ್ದ ಕಾಲವೊಂದಿತ್ತಂತೆ. ಆಮೇಲೆ ಬಂದ ಕಾನೂನು ಇದು. ಒಳ್ಳೆಯದಕ್ಕೇ ಮಾಡಿದ್ದು.

ನಿಮ್ಮ ಕಂಪನಿ ಬಿಮ್ ಅಳವಡಿಸಿಕೊಂಡ ಕತೆ ನಮ್ಮ ಶಾಲೆಗಳಲ್ಲಿ ಪಾಠವಾಗಿದೆ. ಹೆಡ್ ಆಫೀಸಿನಲ್ಲಿ ದೊಡ್ಡ ಪರದೆಗಳು ಬಂದವು, ತರಬೇತಿ ನಡೆಯಿತು, ಗೋಡೆ ತುಂಬ ಪ್ರಮಾಣಪತ್ರ ತೂಗುಹಾಕಿದಿರಿ. ಮಾಡೆಲ್ ಮಾಡುವವರನ್ನು ತಂಪು ಕೋಣೆಯಲ್ಲಿ ಕೂರಿಸಿ ಅವರದೇ ಒಂದು ವಿಭಾಗ ಮಾಡಿದಿರಿ. ಮಾಡೆಲ್ ಎಂಬುದು ತಂಪು ಕೋಣೆಯವರ ಕೆಲಸ ಎಂದು ಸೈಟಿನವರಿಗೆ ಅನಿಸಿತು. ಕೋಣೆಯವರಿಗೆ ಸೈಟೆಂಬುದು ಬೇರೆ ಯಾವುದೋ ದೇಶ. ಪ್ರತಿ ಶುಕ್ರವಾರ ಸೈಟಿನಿಂದ ತಿದ್ದಿದ ಮಾಡೆಲ್ ಬರಲೇಬೇಕೆಂದು ಮೇಲಿನವರ ಅಪ್ಪಣೆ. ಬಂದರೆ ಹೆಡ್ ಆಫೀಸಿನ ಪರದೆಯಲ್ಲಿ ಹಸಿರು ದೀಪ, ಬರದಿದ್ದರೆ ಕೆಂಪು. ಸೈಟಿನವರು ಹಳೆಯ ಮಾಡೆಲಿಗೇ ಹೊಸ ತಾರೀಕು ಹಚ್ಚಿ ಕಳಿಸತೊಡಗಿದರು. ಹಸಿರು ದೀಪ ಹತ್ತುತ್ತಿತ್ತು. ಒಳಗೆ ಏನಿದೆ ಎಂದು ಯಾರೂ ತೆರೆದು ನೋಡಲಿಲ್ಲ. ಮಕ್ಕಳು ಇದನ್ನು ನಾಟಕ ಆಡುತ್ತಾರೆ. ತಲೆಗೆ ಹಳದಿ ಬುಟ್ಟಿ ಮಗುಚಿಕೊಂಡ ಪುಟ್ಟ ಇಂಜಿನಿಯರ್ ಸೊಂಟದ ಮೇಲೆ ಕೈಯಿಟ್ಟು, “ಮೊದ್ಲ ಸ್ಲ್ಯಾಬ್ ಹಾಕೂಣ್ರಿ, ಮಾಡೆಲ್ನ್ಯಾಗ ಆಮ್ಯಾಲ ಹಾಕಿದ್ರಾತು” ಎನ್ನುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕವಳೇ.

ಈ ಸಲದ ಚಳಿಗಾಲದಲ್ಲಿ ನಮ್ಮ ಮೆಟ್ಟಿಲ ಹಿಂದಿನ ಗೋಡೆ ಒದ್ದೆಯಾಗತೊಡಗಿತು. ಅದರ ಹಿಂದೆ ನೀರಿನ ಪೈಪು ಒಡೆದಿತ್ತು. ನೆರಳುಮನೆಯಲ್ಲಿ ಅದು ಬರೀ ಇಟ್ಟಿಗೆಯ ಗೋಡೆ. ಭಾರ ಹೊರುವ ಕಾಂಕ್ರೀಟ್ ಗೋಡೆ ಅಲ್ಲಿಂದ ನಾಲ್ಕು ಮಾರು ಆಚೆ, ಲಿಫ್ಟಿನ ಬದಿಗೆ ಇತ್ತು. ಅಣ್ಣ ಉಳಿಗವನ್ನು ಹಚ್ಚಿದ. ಇಟ್ಟಿಗೆಯ ಪುಡಿ ಉದುರುವ ಬದಲು ಕಬ್ಬಿಣದ ಕಂಬಿ ಕೊಯ್ಯುವ ಸದ್ದು ಬಂತು. “ತಡಿ, ತಡಿ, ಇದು ಇಟ್ಟಂಗಿ ಅಲ್ಲ” ಎಂದು ಅಣ್ಣ ಕೂಗಿದ್ದು ಮೇಲಿನ ಮನೆಯವರಿಗೂ ಕೇಳಿಸಿದೆ. ಉಳಿಗ ಮಾತ್ರ ನಿಲ್ಲಲಿಲ್ಲ. ಅದರ ಪಾಲಿಗೆ ಅದು ಇಟ್ಟಿಗೆಯೇ. ಅಣ್ಣ ಅದನ್ನು ಹಿಂದಕ್ಕೆಳೆಯಲು ಹೋದಾಗ ಮೆಟ್ಟಿಲು ಕುಸಿದು ಅವನ ಮೇಲೆ ಬಿತ್ತು, ಅಲ್ಲೇ ಜೀವ ಹೋಯಿತು.

ನೀವು ದೊಡ್ಡ ಲಿಫ್ಟ್ ಕೂರಿಸಬೇಕಾಗಿ ಬಂದು ಭಾರದ ಗೋಡೆಯನ್ನು ಮೆಟ್ಟಿಲ ಹಿಂದಕ್ಕೆ ಸರಿಸಿದ್ದಿರಿ. ಸರಿಸಿದ್ದು ತಪ್ಪಲ್ಲ. ಲೆಕ್ಕ ಹಾಕಿಯೇ ಸರಿಸಿರಬೇಕು. ಇಲ್ಲದಿದ್ದರೆ ಕಟ್ಟಡ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ. ನಿಮ್ಮ ಕೆಲಸ ಗಟ್ಟಿಯಾಗಿಯೇ ಇದೆ. ಗೋಡೆ ಸರಿಸಿದ್ದನ್ನು ಮಾಡೆಲಿಗೆ ಹೇಳಲಿಲ್ಲ, ಅಷ್ಟೇ. ಆ ಅಷ್ಟೇ ಎಂಬುದರ ಅಡಿಯಲ್ಲಿ ನನ್ನ ಅಣ್ಣ ಮಲಗಿದ್ದಾನೆ. ನನಗೆ ನಿಮ್ಮ ಮೇಲೆ ತಡೆಯಲಾರದ ಸಿಟ್ಟಿದೆ.

ಇನ್ನೂ ಅಲ್ಲೇ ಇದ್ದಾನೆ. ನೆರಳು ಹೊಂದದ ಕಟ್ಟಡವನ್ನು ಹುಸಿಮನೆ ಎನ್ನುತ್ತಾರೆ. ಹುಸಿಮನೆ ಎಂದು ಸಾರಿದ ಮೇಲೆ ಅಲ್ಲಿ ಒಂದು ಮೊಳೆಯನ್ನೂ ಕೀಳುವ ಹಾಗಿಲ್ಲ. ನೀರು, ಕರೆಂಟು ನಿಲ್ಲಿಸಿ, ಜನರನ್ನು ಹೊರಡಿಸಿ, ಇಡೀ ಕಟ್ಟಡವನ್ನು ನೆಲಕ್ಕೆ ಸುರಿಯುತ್ತಾರೆ. ನಮ್ಮವರನ್ನು ಹೊರಗೆ ತೆಗೆದು ಕೊಡಿ ಎಂದು ವೈನಿ ತಪಾಸಣೆಗೆ ಬಂದ ಅಧಿಕಾರಿಯ ಕಾಲಿಗೆ ಬಿದ್ದಳು. ಅವರೇನೂ ಕೆಟ್ಟವರಲ್ಲ. “ನಿಮ್ಮ ಸಂಕಟ ತಿಳೀತೈತಿ ತಾಯಿ. ಒಂದು ಗ್ವಾಡಿ ಹುಸಿ ಆದಮ್ಯಾಲ ಉಳದದ್ದರಾಗ ಯಾವುದನ್ನ ನಂಬೂದು? ಇನ್ನೊಬ್ಬರ ಮಗನ್ನ ಹೆಂಗ ಒಳಗ ಕಳಸ್ಲಿ?” ಎಂದರು.

“ಹಂಗಾರ ಕಟ್ಟಿದವರನ್ನ ಕೇಳ್ರಿ” ಎಂದಳು ವೈನಿ.

ದುಃಖದಲ್ಲಿ ಆಡಿದ ಮಾತು ಎಂದು ಎಲ್ಲರೂ ಬಿಟ್ಟರು. ನನಗೆ ಬಿಡಲಾಗಲಿಲ್ಲ. ನಿಮಗೂ ನಮಗೂ ಸೇರಿದ ಜಾಗವೆಂದರೆ ನೆರಳುಮನೆಯೊಂದೇ. ಅದರೊಳಗೆ ಟಿಪ್ಪಣಿ ಅಂಟಿಸಲು ನೀವೇ ಬಿಟ್ಟ ಅವಕಾಶವಿದೆ. ಈ ಪತ್ರವನ್ನು ಮೆಟ್ಟಿಲ ಹಿಂದಿನ ಆ ಸುಳ್ಳು ಇಟ್ಟಿಗೆಗೋಡೆಗೆ ಅಂಟಿಸುತ್ತಿದ್ದೇನೆ. ನಿಮ್ಮ ಕಾಲದ ಯಾವುದೋ ಶುಕ್ರವಾರ ಯಾರಾದರೂ ಒಬ್ಬರು ಮಾಡೆಲನ್ನು ತೆರೆದು ನೋಡಿದರೆ ಕಣ್ಣಿಗೆ ಬಿದ್ದೀತು.

ಕೇಳುವುದು ಇಷ್ಟೇ. ಸ್ಲ್ಯಾಬ್ ಹಾಕುವ ಅವಸರವಿರಲಿ, ಮೇಲಿನವರ ಫೋನ್ ಬರುತ್ತಿರಲಿ, ಗೋಡೆ ಸರಿಸಿದ ದಿನವೇ ಮಾಡೆಲಿನಲ್ಲೂ ಸರಿಸಿ. ಸೈಟಿನವರೇ ಸರಿಸಿ, ಅದು ತಂಪು ಕೋಣೆಯವರ ಕೆಲಸ ಎನ್ನಬೇಡಿ. ದೀಪ ಕೆಂಪಾದರೆ ಆಗಲಿ.

ಇದನ್ನು ಮೊದಲ ಸಲ ಬರೆಯುತ್ತಿಲ್ಲ. ಬರೆದು ಅಂಟಿಸುತ್ತೇನೆ, ಬೆಳಿಗ್ಗೆ ನೆರಳುಮನೆ ತೆರೆದು ನೋಡುತ್ತೇನೆ. ನೀವು ಓದಿದ್ದರೆ ಗೋಡೆ ತನ್ನ ಜಾಗಕ್ಕೆ ಬಂದಿರಬೇಕು, ಉಳಿಗ ಅದನ್ನು ಮುಟ್ಟಿರಬಾರದು, ಅಣ್ಣ ಒಳಕೋಣೆಯಿಂದ ಚಹಾ ಕೇಳಬೇಕು. ವೈನಿಯೂ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ. “ಸರದೈತೇನ, ನೀಲಾ?” ಎನ್ನುತ್ತಾಳೆ. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನಾಳೆ ನಮ್ಮನ್ನು ಹೊರಡಿಸುತ್ತಾರೆ. ಎಲ್ಲಿಗೆ ಎಂದು ಇನ್ನೂ ಹೇಳಿಲ್ಲ. ಇವತ್ತು ಬೆಳಿಗ್ಗೆ ವೈನಿ ನನ್ನನ್ನು ಏನೂ ಕೇಳಲಿಲ್ಲ. ಇನ್ನೊಂದು ಬದಿಯ ಮೆಟ್ಟಿಲಿಳಿದು ಕೆಳಗೆ ಹೋಗಿ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಬಂದಳು. ಕುಸಿದ ಮೆಟ್ಟಿಲ ಸಂದಿಗೆ ಕೈಹಾಕಿ, ತೋಳು ಎಟಕುವಷ್ಟು ಒಳಕ್ಕೆ, ಹಿಡಿ ಹಿಡಿಯಾಗಿ ಬಿಟ್ಟಳು. ನನ್ನ ಕೈಗೂ ಒಂದು ಹಿಡಿ ಕೊಟ್ಟಳು. ಅದು ಅಣ್ಣನ ತನಕ ಹೋಯಿತೋ ಇಲ್ಲವೋ, ನಮಗೆ ತಿಳಿಯಲಿಲ್ಲ.

ಇಂತಿ,
ಸಂಗನಬಸುವಿನ ತಂಗಿ
ನೀಲಾಂಬಿಕೆ