ಸತ್ತವನಿಗೆ ಬರುವ ತೆರಿಗೆ ಪತ್ರಗಳೂ ನನ್ನ ಸೊಸೆಯ ಸಂಡಿಗೆ ವ್ಯಾಪಾರವೂ

ತೆರಿಗೆ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಮಗ ಕೇದಾರ ತೀರಿಕೊಂಡು ವರ್ಷ ಕಳೆಯಿತು. ನಿಮ್ಮ ಕಚೇರಿ ಅವನಿಗೆ ಇನ್ನೂ ಇ-ಮೇಲ್ ಬರೆಯುತ್ತಿದೆ. ನಿಮ್ಮ ಹೆಸರಿನಲ್ಲಿ ವಂಚಕರೂ ಬರೆಯುತ್ತಿದ್ದಾರೆ. ಎರಡೂ ಪತ್ರಗಳು ಅವನನ್ನು ಒಂದೇ ರೀತಿಯ ಗೌರವದಿಂದ ಸಂಬೋಧಿಸುತ್ತವೆ, ಎರಡರ ನೆತ್ತಿಯ ಮೇಲೂ ಒಂದೇ ಲಾಂಛನವಿದೆ, ಎರಡರ ಕೊನೆಯಲ್ಲೂ ಗಡುವು ಮೀರಿದರೆ ಕ್ರಮ ಜರುಗಿಸಲಾಗುವುದೆಂಬ ಎಚ್ಚರಿಕೆಯಿದೆ. ಯಾವುದು ನಿಮ್ಮದು, ಯಾವುದು ಕಳ್ಳನದು ಎಂದು ಕಂಡುಹಿಡಿಯುವ ಹೊಣೆಯನ್ನು ತಾವು ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳಿಗೆ ವಹಿಸಿ ಸುಮ್ಮನಿದ್ದೀರಿ. ಆಕೆ ಕಳ್ಳನ ಪತ್ರವನ್ನು ನಂಬಿದರೆ ಮನೆಯಲ್ಲಿರುವುದು ಹೋಗುತ್ತದೆ. ನಿಮ್ಮ ಪತ್ರವನ್ನು ನಂಬದಿದ್ದರೆ ದಂಡ ಬೀಳುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವಳು ಒಂದು ಸಣ್ಣ ಗೃಹೋದ್ಯಮ ಆರಂಭಿಸಬೇಕೆಂದಿದ್ದಾಳೆ. ಆರಂಭಿಸಬೇಕೇ ಬೇಡವೇ ಎಂದು ನನ್ನನ್ನು ಕೇಳುತ್ತಿದ್ದಾಳೆ. ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಪರಿಚಯವನ್ನು ಚಿಕ್ಕದಾಗಿ ಹೇಳುತ್ತೇನೆ. ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಹಾಸನದಲ್ಲಿ ಬಿ.ಎ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಅನಂತರವೇ ಖಂಡಿಸಬೇಕೆಂದು ಅಲ್ಲಿ ಕಲಿತೆ. ಆ ಅಭ್ಯಾಸ ಬಿಟ್ಟಿಲ್ಲ. ಕೇದಾರ ಚನ್ನರಾಯಪಟ್ಟಣದ ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದ. ಕಳೆದ ವರ್ಷ ಸಂಕ್ರಾಂತಿ ಕಳೆದ ವಾರ, ತರಗತಿಯ ನಡುವೆ ಎದೆ ಹಿಡಿದುಕೊಂಡು ಕುಳಿತ. ಆಸ್ಪತ್ರೆ ಮುಟ್ಟಲಿಲ್ಲ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ, ಕ್ಷಮಿಸಿ.

ಅವನ ಫೋನನ್ನು ನನ್ನ ಸೊಸೆ ಮೈತ್ರೇಯಿ ಚಾರ್ಜು ಮಾಡಿ, ಕರೆನ್ಸಿ ಹಾಕಿಸಿ, ಜೀವಂತವಾಗಿ ಇಟ್ಟುಕೊಂಡಿದ್ದಾಳೆ. ಇದು ಮಮಕಾರವಲ್ಲ. ಬ್ಯಾಂಕು, ಗ್ಯಾಸು, ಕರೆಂಟು, ಇನ್ನೂ ತೀರ್ಮಾನವಾಗದ ವಿಮೆ, ಎಲ್ಲದರ ಓಟಿಪಿ ಬರುವುದು ಆ ನಂಬರಿಗೇ. ಮನೆಯ ಗಂಡಸಿನ ನಂಬರು ಕೊಡಿ ಎಂದು ಕೇಳಿದ ಕಡೆಯಲ್ಲೆಲ್ಲ ಅದನ್ನೇ ಕೊಟ್ಟಿದ್ದೆವು. ಆ ಫೋನಿಗೆ ಮೊದಲು ಬಂದದ್ದು, ತೆರಿಗೆಯ ಹಣ ವಾಪಸು ಬರಬೇಕಿದೆ, ಕೆಳಗಿನ ಲಿಂಕ್ ಒತ್ತಿ ಖಾತೆಯನ್ನು ದೃಢಪಡಿಸಿ ಎಂಬ ಇ-ಮೇಲ್. ಅದರಲ್ಲಿ ಕೇದಾರನ ಪಾನ್ ಸಂಖ್ಯೆ ಇತ್ತು. ತಂದೆಯ ಹೆಸರೆಂದು ನನ್ನ ಹೆಸರೂ ಇತ್ತು. ಅಪರಿಚಿತ ಕಳ್ಳನೊಬ್ಬ ನನ್ನನ್ನು ನನ್ನ ಮಗನ ತಂದೆಯೆಂದು ಗುರುತಿಸಿದ್ದ. ಆ ದಿನಗಳಲ್ಲಿ ಅದಕ್ಕೂ ಕಣ್ಣು ತುಂಬಿ ಬಂತೆಂದರೆ ತಾವು ನಗಬಾರದು. ಆದರೆ ತಮ್ಮ ಪ್ರಕಟಣೆಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಲಿಂಕ್ ಒತ್ತಬೇಡಿ, ಲಗತ್ತು ತೆರೆಯಬೇಡಿ, ಉತ್ತರಿಸಬೇಡಿ, ಅಳಿಸಿಹಾಕಿ ಎಂದಿತ್ತು. ಅಕ್ಷರಶಃ ಪಾಲಿಸಿದೆವು.

ಕೆಲವು ತಿಂಗಳ ಬಳಿಕ ಇನ್ನೊಂದು ಬಂತು. ಕೇದಾರ ಬದುಕಿದ್ದಾಗ ಸಲ್ಲಿಸಿದ್ದ ಆದಾಯದ ವಿವರದಲ್ಲಿ ದೋಷವಿದೆ, ಗಡುವಿನೊಳಗೆ ಉತ್ತರಿಸಿ ಎಂದು. ಲಾಂಛನ ಅದೇ, ಒಕ್ಕಣೆ ಅದೇ, ಲಿಂಕ್ ಒತ್ತಿ ಎಂಬ ಆಹ್ವಾನವೂ ಅದೇ. ಅದನ್ನೂ ಅಳಿಸಿದೆವು, ನಿಜ ಹೇಳುವುದಾದರೆ ಸ್ವಲ್ಪ ಹೆಮ್ಮೆಯಿಂದಲೇ. ಅದು ನಿಮ್ಮದಾಗಿತ್ತು.

ಇಲ್ಲಿ ತಮ್ಮ ಪರವಾದ ವಾದವನ್ನು ನಾನೇ ಮಂಡಿಸುತ್ತೇನೆ. ಇ-ಮೇಲ್ ನಂಬಬೇಕಾಗಿಯೇ ಇಲ್ಲ, ಇಲಾಖೆಯ ಜಾಲತಾಣಕ್ಕೆ ಹೋಗಿ ಖಾತೆ ತೆರೆದು ನೋಡಿದರೆ ಅಸಲಿ ಯಾವುದು ನಕಲಿ ಯಾವುದು ತಿಳಿಯುತ್ತದೆ ಎನ್ನುತ್ತೀರಿ. ಉತ್ತಮ ವಾದ. ಆದರೆ ಆ ಖಾತೆ ಕೇದಾರನದು. ಅದನ್ನು ತೆರೆಯುವ ಗುಪ್ತಪದ ಅವನಿಗೆ ಮಾತ್ರ ಗೊತ್ತಿತ್ತು. ಮರೆತಿದ್ದೇನೆ ಎಂದು ಸೂಚಿಸಿದರೆ ಅವನ ಫೋನಿಗೇ ಓಟಿಪಿ ಬರುತ್ತದೆ, ಅದನ್ನು ಹಾಕಿ ಒಳಗೆ ಹೋಗಬಹುದು ಎಂದು ಹಾಸನದ ಆಡಿಟರ್ ಶಾಂತರಾಜು ಹೇಳಿದರು. "ಎಲ್ರೂ ಅಂಗೇ ಮಾಡದು ಸಾ, ಯಾರು ನೋಡ್ತಾರೆ" ಎಂದರು. ಸತ್ತ ಮಗನೇ ತಾನೆಂದು ಸರ್ಕಾರದ ಮುಂದೆ ನಟಿಸಿ ಒಳಹೋಗುವುದು ನನ್ನಿಂದ ಆಗಲಿಲ್ಲ. ಮೈತ್ರೇಯಿಗೂ ಬೇಡವೆಂದೆ. ವಾರಸುದಾರಳೆಂದು ಅರ್ಜಿ ಹಾಕಿಸಿ, ತಹಸೀಲ್ದಾರರ ಕಚೇರಿಯ ಪ್ರಮಾಣಪತ್ರಕ್ಕಾಗಿ ಕಾದು, ಅನಂತರ ನಿಮ್ಮ ಒಪ್ಪಿಗೆಗೆ ಕಾದೆವು. ಒಪ್ಪಿಗೆ ಬಂದ ದಿನ ಶಾಂತರಾಜು ಖಾತೆ ತೆರೆದರು. ನಾವು ಅಳಿಸಿದ್ದ ಪತ್ರ ಅಲ್ಲಿತ್ತು; ಗಡುವು ಅದಾಗಲೇ ಮುಗಿದು ದಂಡ ಬಿದ್ದಿತ್ತು. "ಸುಳ್ಳು ಹೇಳಿದ್ರೆ ಉಳ್ಕೋತಿದ್ರಿ ಸಾ" ಎಂದು ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿದರು. ಕಾನೂನು ಪಾಲಿಸಿದವನು ಕಾನೂನಿನ ಕೈಗೆ ಸಿಕ್ಕುವ ವ್ಯವಸ್ಥೆಯನ್ನು ತಾವು ಉದ್ದೇಶಪೂರ್ವಕವಾಗಿ ಕಟ್ಟಿದ್ದೀರೆಂದು ನಾನು ಆರೋಪಿಸುವುದಿಲ್ಲ. ಅಷ್ಟು ಕೌಶಲ ಅದರಲ್ಲಿ ಕಾಣುವುದಿಲ್ಲ.

ಇನ್ನು ಸಂಡಿಗೆಯ ವಿಷಯ. ಸಾವಾದ ವರ್ಷ ನಮ್ಮ ಮನೆಗಳಲ್ಲಿ ಹಪ್ಪಳ ಸಂಡಿಗೆ ಇಡುವುದಿಲ್ಲ. ನೆರೆಯವರು, ನೆಂಟರು ತಮ್ಮ ಮನೆಯಲ್ಲಿ ಮಾಡಿದ್ದನ್ನು ತಂದುಕೊಡುತ್ತಾರೆ. ಹಾಗೆ ತಂದುಕೊಟ್ಟವರು ಬಹಳ ಜನ. ಕೇದಾರನ ವರ್ಷಾಂತಿಕ ಮುಗಿದ ಮೇಲೆ ಮೈತ್ರೇಯಿ ಹಾಸನದ ಮಾರುಕಟ್ಟೆಯಿಂದ ಮೂಟೆ ಆಲೂಗಡ್ಡೆ ತರಿಸಿ, ಸಬ್ಬಕ್ಕಿ ನೆನೆಹಾಕಿ, ತಾರಸಿಯ ತುಂಬ ಸಂಡಿಗೆ ಇಟ್ಟಳು. ಕೊಟ್ಟ ಪ್ರತಿ ಮನೆಗೂ ಹಿಂದಿರುಗಿಸಿದಳು. ಅದರಲ್ಲೊಂದು ಪೊಟ್ಟಣ ಯಾರಿಂದಲೋ ಹಿರೀಸಾವೆಯ ಹೆದ್ದಾರಿಯಲ್ಲಿ ಹೋಟೆಲು ನಡೆಸುವ ಗೌರೀಶನ ಕೈ ಸೇರಿತು. ಆತ ಹುಡುಕಿಕೊಂಡು ಬಂದ. ಊಟದ ಎಲೆಗೂ ಬೇಕು, ಗಲ್ಲಾದ ಪಕ್ಕ ಮಾರಾಟಕ್ಕೂ ಬೇಕು, ವರ್ಷವಿಡೀ ತಗೋತೀನಿ ಎಂದ. ಆದರೆ ಪೊಟ್ಟಣದ ಮೇಲೆ ಚೀಟಿ ಇರಬೇಕು, ನೋಂದಣಿ ಸಂಖ್ಯೆ ಇರಬೇಕು. ತಪಾಸಣೆಗೆ ಬರುವವರಿಗೆ ತಾನು ಉತ್ತರ ಹೇಳಬೇಕಲ್ಲ, ಎಂದ. ನ್ಯಾಯವಾದ ಮಾತು.

ನಮ್ಮ ಮನೆಯಲ್ಲಿ ಇದು ಸುಲಭಕ್ಕೆ ಒಪ್ಪಿಗೆಯಾಗುವ ಸಂಗತಿಯಲ್ಲ. ಅರಕಲಗೂಡಿನಿಂದ ಬಂದ ನನ್ನ ತಂಗಿ, ಉಪಾಧ್ಯಾಯರ ಮನೆ ಸಂಡಿಗೆ ಮಾರೋ ಹಾಗಾಯ್ತೆ ಎಂದು ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು. ನನ್ನ ಹೆಂಡತಿ ಗೋದಮ್ಮ ಒಲೆಯಿಂದ ಕಣ್ಣೆತ್ತದೆ, "ಕೊಟ್ಟರೆ ಮರ್ಯಾದೆ, ಮಾರಿದರೆ ಅವಮಾನ, ಹಿಟ್ಟು ಒಂದೇ ತಾನೆ?" ಎಂದಳು. ಕಾಲೇಜಿನಲ್ಲಿ ನಾನು ಕೇಳಿದ ಎಷ್ಟೋ ಮಂಡನೆಗಳಿಗಿಂತ ಅದು ಅಡಕವಾಗಿತ್ತು. ನಾನೂ ಒಪ್ಪಿದೆ. ಮೈತ್ರೇಯಿ ನಮ್ಮ ಪಿಂಚಣಿಯ ಮೇಲೆ ಬದುಕಲು ಇಷ್ಟಪಡುವವಳಲ್ಲ; ನಾವಿಬ್ಬರೂ ಹೋದ ಮೇಲೆ ಆ ಪಿಂಚಣಿಯೂ ಇರುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳದಿರುವುದು ಅವಳ ಸೌಜನ್ಯ.

ಸಣ್ಣ ಉದ್ದಿಮೆಗೆ, ಆಹಾರದ ತಯಾರಿಕೆಗೆ, ಎರಡಕ್ಕೂ ನೋಂದಣಿ ಮಾಡಿಸಿದೆವು. ಸಂಪರ್ಕದ ಫೋನು, ಇ-ಮೇಲ್ ಕೇಳಿದ ಕಡೆ ಅವಳು ಕೇದಾರನದನ್ನೇ ಕೊಟ್ಟಳು. ಪಕ್ಕದಲ್ಲಿ ಕುಳಿತಿದ್ದ ನನಗೂ ಅದು ವಿಚಿತ್ರವೆನಿಸಲಿಲ್ಲ. ನಮ್ಮ ಮನೆಯ ನಂಬರು ಯಾವುದೆಂದು ಕೇಳಿದರೆ ಅದೇ ತಾನೆ? ಆಮೇಲೆ ತಿಳಿಯಿತು: ವಂಚಕರ ಪಟ್ಟಿಯಲ್ಲಿ ಮೊದಲೇ ಇದ್ದ ವಿಳಾಸಕ್ಕೆ ಹೊಸ ಉದ್ದಿಮೆಯ ಸುದ್ದಿಯನ್ನು ನಾವೇ ಜೋಡಿಸಿ ಕೊಟ್ಟಿದ್ದೆವು. ಹೊಸದಾಗಿ ನೋಂದಾಯಿಸಿದವರ ಮಾಹಿತಿ ಅಷ್ಟು ಬೇಗ ಯಾರ ಕೈಗೆ ಹೇಗೆ ತಲುಪುತ್ತದೆ ಎಂಬುದನ್ನು ನಾನು ಬಲ್ಲೆನೆಂದು ಹೇಳಲಾರೆ. ತಲುಪುತ್ತದೆ ಎಂಬುದನ್ನು ಮಾತ್ರ ಬಲ್ಲೆ. ಪ್ರಮಾಣಪತ್ರ ಬಂದ ಮರುದಿನವೇ ಕರೆ ಬಂತು.

ಮಧ್ಯಾಹ್ನ ತಾರಸಿಯಲ್ಲಿದ್ದೆವು. ಮೈತ್ರೇಯಿಯ ಎರಡೂ ಕೈ ಹಿಟ್ಟಾಗಿದ್ದರಿಂದ ಮೊಣಕೈಯಿಂದಲೇ ಫೋನಿನ ಸ್ಪೀಕರ್ ಒತ್ತಿದಳು. ಹಾಗಾಗಿ ಪ್ರತಿ ಮಾತನ್ನೂ ನಾನು ಕೇಳಿಸಿಕೊಂಡೆ. ತೆರಿಗೆ ಆಫೀಸಿನಿಂದ ಮಾತಾಡುತ್ತಿದ್ದೇನೆ ಎಂದ. ನಮ್ಮ ಸೀಮೆಯ ಕನ್ನಡ, ವಿನಯದ ದನಿ. ಹೊಸ ಬಿಸಿನೆಸ್ ಶುರು ಮಾಡಿದ್ದಕ್ಕೆ ಅಭಿನಂದಿಸಿದ. ಆದರೆ ಕೇದಾರ್ ಸಾರದು ಹಳೇ ಬಾಕಿಯೊಂದಿದೆ, ಅದು ತೀರದೆ ನಿಮ್ಮ ನೋಂದಣಿ ಊರ್ಜಿತವಾಗುವುದಿಲ್ಲ, ಇ-ಮೇಲ್ ಕಳಿಸಿದ್ದೇನೆ, ಲಿಂಕ್ ಒತ್ತಿ ಬಂದ ಓಟಿಪಿ ಹೇಳಿಬಿಡಿ ಎಂದ. ಬಾಕಿ ನಿಜಕ್ಕೂ ಇತ್ತಲ್ಲ! ನಿಮ್ಮ ಅಸಲಿ ದಂಡವೇ ಅವನ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು ಮೈತ್ರೇಯಿ.

"ಕೇದಾರ್ ಸಾರ್ ಅತ್ರ ಬೆಳಿಗ್ಗೆನೇ ಮಾತಾಡಿವ್ನಿ ಮೇಡಂ. ಅವ್ರೇ ನಿಮ್ಗೆ ಫೋನ್ ಮಾಡಿ ಅಂದ್ರು."

ಸಿಕ್ಕಿಬಿದ್ದ, ಈಗ ಚೆನ್ನಾಗಿ ಉಗಿಯುತ್ತಾಳೆ ಎಂದುಕೊಂಡೆ. ಅವಳು ಉಗಿಯಲಿಲ್ಲ.

"ಏನಂದರು?" ಎಂದು ಕೇಳಿದಳು.

"ಮೈತ್ರೇಯಿ ಎಲ್ಲಾ ನೋಡ್ಕತಾಳೆ, ನೀವ್ ಯೋಚ್ನೆ ಮಾಡ್ಬೇಡಿ ಅಂದ್ರು ಮೇಡಂ."

ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಕಿತ್ತುಕೊಂಡು ಕರೆ ಕಡಿದೆ. ಅಷ್ಟು ಒರಟಾಗಿ ಕಿತ್ತುಕೊಳ್ಳಬೇಕಾಗಿರಲಿಲ್ಲ. ಸಂಜೆ ಕಾಫಿ ತಂದಿಟ್ಟಾಗ ಹೇಳಿದಳು: "ಸುಳ್ಳು ಅಂತ ಗೊತ್ತಿತ್ತು ಮಾವ. ಇನ್ನೂ ಒಂದು ಮಾತು ಹೇಳ್ತಾನೇನೋ ಅಂತ ಕೇಳ್ತಿದ್ದೆ."

ಮಾನ್ಯರೇ, ವಂಚನೆಯನ್ನು ಗುರುತಿಸುವ ಲಕ್ಷಣಗಳ ಪಟ್ಟಿಯನ್ನು ತಾವು ಪ್ರಕಟಿಸುತ್ತೀರಿ. ಆತುರಪಡಿಸುವುದು, ಬೆದರಿಸುವುದು, ಆಮಿಷ ತೋರುವುದು. ಇದು ಅದರಲ್ಲಿ ಯಾವುದು? ಅವಳಿಗೆ ಮಾಹಿತಿಯ ಕೊರತೆ ಇರಲಿಲ್ಲ, ಎಂ.ಎಸ್ಸಿ. ಓದಿದವಳು. ಕೇದಾರ ಇದ್ದಾನೆಂಬ ಧಾಟಿಯಲ್ಲಿ ಮಾತಾಡುವವರು ಈ ಲೋಕದಲ್ಲಿ ಇಬ್ಬರೇ ಉಳಿದಿದ್ದಾರೆ: ಕಳ್ಳರು ಮತ್ತು ತಾವು. ಮರಣ ಪ್ರಮಾಣಪತ್ರವನ್ನು ಪುರಸ್ಕರಿಸಿ, ವಾರಸುದಾರಳೆಂದು ಒಪ್ಪಿದ ಮೇಲೂ, ಅವನಿಗೆ 'ಆತ್ಮೀಯ ತೆರಿಗೆದಾರರೇ' ಎಂದು ಬರೆಯುವುದನ್ನು ನಿಮ್ಮ ಯಂತ್ರ ನಿಲ್ಲಿಸಿಲ್ಲ. ಹಾಗಿರುವಾಗ ಕಳ್ಳನ ಮಾತು ಮಾತ್ರ ಅಸಂಭವವೆಂದು ಅವಳು ತಿಳಿಯಬೇಕೇ?

ನಂಬರು ಬದಲಿಸಿ ಎಂದು ಹೇಳುವುದು ಸುಲಭ. ಆ ಸಂಪರ್ಕವನ್ನು ಬಿಟ್ಟುಕೊಟ್ಟರೆ ಕಂಪನಿಯವರು ಕೆಲಕಾಲದ ಬಳಿಕ ಅದನ್ನೇ ಇನ್ಯಾರಿಗೋ ಮಾರುತ್ತಾರೆ. ಬದಲಾಯಿಸಲು ನಾವು ಮರೆತ ಕಡೆಯ ಓಟಿಪಿಗಳೆಲ್ಲ ಆ ಅಪರಿಚಿತನಿಗೆ ಹೋಗುತ್ತವೆ. ಉಳಿಸಿಕೊಂಡರೆ ಈ ಕರೆಗಳನ್ನೂ ಉಳಿಸಿಕೊಳ್ಳಬೇಕು. ಉದ್ದಿಮೆಗೆ ಮೈತ್ರೇಯಿಯ ಸ್ವಂತ ನಂಬರು ಕೊಟ್ಟರೆ, ಅವಳ ತಾಯಿ ದಿನವೂ ಮಾತಾಡುವ ಆ ಒಂದು ಫೋನಿಗೂ ಅವರು ಬರುತ್ತಾರೆ. ನೋಂದಣಿಯೇ ಬೇಡ, ಚೀಟಿಯಿಲ್ಲದೆ ಬೀದಿಯವರಿಗಷ್ಟೇ ಮಾರೋಣವೆಂದರೆ ಗೌರೀಶ ಕೊಳ್ಳುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ವ್ಯಾಪಾರವೇ ಬೇಡವೆಂದರೆ? ಆಗ ಯಾವ ವಂಚಕನೂ ಅವಳನ್ನು ಹುಡುಕಲಾರ. ಬೇರೆ ಯಾರೂ ಹುಡುಕಲಾರರು. ಇಪ್ಪತ್ತೊಂಬತ್ತರ ಹೆಣ್ಣುಮಗಳಿಗೆ ಅಂಥ ಸುರಕ್ಷತೆಯನ್ನು ಮಾವನಾದ ನಾನು ವಿಧಿಸಲೇ?

ಆದ್ದರಿಂದ ನನ್ನ ಬೇಡಿಕೆ. ಹಾಸನದ ತಮ್ಮ ಕಚೇರಿಯಲ್ಲಿ ಒಂದು ಕಿಟಕಿ ತೆರೆಯಿರಿ. ಅಲ್ಲೊಬ್ಬ ಮನುಷ್ಯ ಕುಳಿತಿರಲಿ. ಜನ ತಮಗೆ ಬಂದ ಪತ್ರ ತೋರಿಸಿ ಇದು ನಿಮ್ಮದೇ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂದು ಬರೆದು ಮೊಹರು ಒತ್ತಿ ಕೊಡಲಿ. ಆ ಉತ್ತರ ಸಿಗುವವರೆಗೆ ಗಡುವು ಓಡದಿರಲಿ. ಕೇದಾರನ ಹೆಸರಿಗೆ ಬರೆಯುವುದನ್ನು ನಿಲ್ಲಿಸಿ. ಬರೆಯಬೇಕಾದದ್ದಿದ್ದರೆ ಅವನ ಹೆಂಡತಿಗೆ ಅವಳ ಹೆಸರಿನಲ್ಲಿ, ಅಂಚೆಯಲ್ಲಿ ಬರೆಯಿರಿ. ಈ ಪತ್ರಕ್ಕೂ ಅಂಚೆಯಲ್ಲೇ ಉತ್ತರಿಸಿ. ಇ-ಮೇಲ್ ಮಾಡಿದರೆ ಅದು ನಿಮ್ಮದೆಂದು ನಾವು ನಂಬುವುದಿಲ್ಲ. ಹಾಗೆ ನಂಬಬಾರದೆಂದು ಕಲಿಸಿದವರು ತಾವೇ.

ಯುಗಾದಿ ಕಳೆದರೆ ಮಧ್ಯಾಹ್ನದ ಮಳೆ ಶುರುವಾಗುತ್ತದೆ, ಸಂಡಿಗೆ ಒಣಗುವುದಿಲ್ಲ. ಗೌರೀಶ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಹಾಸನದ ಮುದ್ರಣಾಲಯದಿಂದ ಚೀಟಿಯ ಮಾದರಿ ಬಂದಿದೆ. ಹೆಸರು, ತೂಕ, ಬೆಲೆ ಎಲ್ಲ ಸರಿಯಾಗಿದೆ. 'ಗ್ರಾಹಕರು ಸಂಪರ್ಕಿಸಬೇಕಾದ ಸಂಖ್ಯೆ' ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ. ಮೈತ್ರೇಯಿ ಅದನ್ನು ನನ್ನ ಮುಂದೆ ಇಟ್ಟು, "ಮಾವ, ಇಲ್ಲಿ ಯಾವ ನಂಬರ್ ಹಾಕಿಸಲಿ?" ಎಂದು ಕೇಳಿದಳು. ನಾಳೆ ನೋಡೋಣಮ್ಮ ಎಂದೆ. ಇವತ್ತೂ ಹಾಗೆಯೇ ಹೇಳಿದ್ದೇನೆ. ಈ ಬಿಸಿಲು ಮುಗಿಯುವುದರೊಳಗೆ ಅವಳಿಗೆ ಏನು ಹೇಳಲೆಂದು ತಾವು ತಿಳಿಸಬೇಕು.

ಇಂತಿ,
ಸೊಸೆಗೆ ಹೌದೆನ್ನಲೂ ಬೇಡವೆನ್ನಲೂ ಆಗದೆ ಕುಳಿತಿರುವ,
ಲಕ್ಷ್ಮೀನರಸಿಂಹ
ನಿವೃತ್ತ ಉಪಾಧ್ಯಾಯ, ಹೊಳೆನರಸೀಪುರ